ಮನಸ್ಸು ಒಪ್ಪದ ಸರಣಿಯನ್ನು ಇಷ್ಟಪಟ್ಟು ನೋಡುವುದು ಹೇಗೆ?

ಕೊಲೆ ತಪ್ಪು. ಇದರಲ್ಲಿ ನಿಮಗೆ ಎರಡು ಮಾತಿಲ್ಲ. ಆದರೂ ರಾತ್ರಿ ಕೂತು ಒಬ್ಬ ಕೊಲೆಗಾರನ ಕಥೆ ನೋಡುತ್ತೀರಿ. ಪೊಲೀಸರು ಅವನ ಮನೆ ಬಾಗಿಲಿಗೆ ಬಂದಾಗ "ಅಯ್ಯೋ, ಸಿಕ್ಕಿಬೀಳದಿರಲಿ" ಅಂತ ಬೇಡಿಕೊಳ್ಳುವುದು ನಿಮ್ಮದೇ ಮನಸ್ಸು. ಟಿವಿ ಆರಿಸಿದ ಮೇಲೆ ಮುಜುಗರ ಶುರುವಾಗುತ್ತದೆ. ನಾನ್ಯಾಕೆ ಅವನ ಪರ ನಿಂತೆ?

ಈ ಮುಜುಗರ ಹೇಳಿಕೊಂಡರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. "ಬರೀ ಕಥೆ ತಾನೇ, ಸುಮ್ನೆ ನೋಡು" ಅನ್ನುವುದು ಒಂದು. "ನಿನ್ನ ನಂಬಿಕೆ ಗಟ್ಟಿಯಾಗಿದ್ದರೆ ಅದನ್ನೆಲ್ಲ ನೋಡಲೇಬಾರದು" ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯವರು ಕಥೆಗಿರುವ ಶಕ್ತಿಯನ್ನು ಮರೆತಿದ್ದಾರೆ. ಎರಡನೆಯವರು ನೋಡುಗನಿಗಿರುವ ಶಕ್ತಿಯನ್ನು ಮರೆತಿದ್ದಾರೆ.

ಇದು ಟಿವಿಗಿಂತ ಎಷ್ಟೋ ಹಳೆಯ ಜಗಳ. ನಾಟಕದಲ್ಲಿ ಬೇರೆಯವರ ಭಾವನೆಗಳ ಜೊತೆ ತೇಲಿಹೋಗುವವನು ತನ್ನ ಬದುಕಿನಲ್ಲೂ ಹಿಡಿತ ಕಳೆದುಕೊಳ್ಳುತ್ತಾನೆ ಅಂತ ಪ್ಲೇಟೋ ಹೆದರಿದ್ದ. ಅವನ ಶಿಷ್ಯ ಅರಿಸ್ಟಾಟಲ್ ಬೇರೆ ದಾರಿ ಹಿಡಿದ. ದುರಂತ ನಾಟಕ ಕರುಣೆಯನ್ನೂ ಭಯವನ್ನೂ ಎಬ್ಬಿಸುವುದರಿಂದ ಮನಸ್ಸು ಹಗುರಾಗುತ್ತದೆ ಅಂದ. ನಾಟ್ಯಶಾಸ್ತ್ರ ಬರೆದ ನಮ್ಮ ಭರತನಂತೂ ತನ್ನ ಎಂಟು ರಸಗಳಲ್ಲಿ ರೌದ್ರ, ಭಯಾನಕ, ಬೀಭತ್ಸಗಳಿಗೂ ಜಾಗ ಕೊಟ್ಟಿದ್ದಾನೆ. ಅಸಹ್ಯವಾದದ್ದನ್ನು ರಂಗದ ಮೇಲೆ ನೋಡಿ ಸವಿಯಬಹುದು ಅಂದರೆ ಆ ಅಸಹ್ಯವನ್ನು ಬದುಕಿನಲ್ಲಿ ಬಯಸುತ್ತೇವೆ ಅಂತ ಅಲ್ಲವಲ್ಲ.

ನೋಡುವಾಗ ನೀತಿಯನ್ನು ಬಾಗಿಲಾಚೆ ಬಿಟ್ಟು ಬರಬೇಕಾಗಿಲ್ಲ ಅನ್ನುವುದು ನನ್ನ ನಿಲುವು. ಅದನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ನೋಡಬಹುದು. ಹಾಗೆ ನೋಡಿದರೆ ಕಥೆಯ ರುಚಿ ಇನ್ನೂ ಜಾಸ್ತಿ. ಅದಕ್ಕೊಂದಿಷ್ಟು ಅಭ್ಯಾಸ ಬೇಕು. ಅದನ್ನು ಹಂತಹಂತವಾಗಿ ಹೇಳುತ್ತೇನೆ.

ಹಂತ 1: ಚುಚ್ಚುತ್ತಿರುವುದು ಯಾವುದು ಅಂತ ಗುರುತಿಸಿ

"ಈ ಸರಣಿ ಸರಿಯಿಲ್ಲ" ಅಂದುಕೊಂಡರೆ ಅಲ್ಲಿಗೇ ನಿಂತುಹೋಗುತ್ತೀರಿ. ಒಂದು ಹಾಳೆ ತೆಗೆದುಕೊಂಡು ಒಂದೇ ವಾಕ್ಯದಲ್ಲಿ ಬರೆಯಿರಿ: ಇದರಲ್ಲಿ ನನಗೆ ಒಗ್ಗದಿರುವುದು ಏನು? ಬರೆದಾಗ ಗೊತ್ತಾಗುತ್ತದೆ, ಎಲ್ಲ ಮುಜುಗರಗಳೂ ಒಂದೇ ಜಾತಿಯವಲ್ಲ.

ಕೆಲವರಿಗೆ ನೋಡುವುದೇ ತಪ್ಪು. ಬೆತ್ತಲೆ ದೃಶ್ಯಗಳನ್ನು ನೋಡಬಾರದು ಅನ್ನುವುದು ಅವರ ನಂಬಿಕೆ ಅಂತಿಟ್ಟುಕೊಳ್ಳಿ. ಅಲ್ಲಿ ಕಥೆ ಎಷ್ಟು ಚೆನ್ನಾಗಿದೆ, ಅದರ ಉದ್ದೇಶ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕೆ ಬರುವುದೇ ಇಲ್ಲ. ನಿಮ್ಮದು ಈ ಬಗೆಯ ಮುಜುಗರವಾದರೆ ಕೆಳಗಿನ ಯಾವ ಅಭ್ಯಾಸವೂ ಅದನ್ನು ಸರಿಮಾಡುವುದಿಲ್ಲ. ಆ ದೃಶ್ಯ ದಾಟಿಸಿ, ಇಲ್ಲವೇ ಆ ಸರಣಿಯನ್ನೇ ಬಿಡಿ. ನಿಮ್ಮ ನಂಬಿಕೆಯ ಜೊತೆ ಚೌಕಾಸಿ ಮಾಡಲು ನಾನು ಹೇಳುವುದಿಲ್ಲ.

ಎರಡನೆಯದು, ತೆರೆಯ ಮೇಲೆ ನಿಜವಾದ ಮನುಷ್ಯರು ನೋಯುತ್ತಿರುವುದು. ರಿಯಾಲಿಟಿ ಶೋಗಳಲ್ಲಿ ಇದು ಬರುತ್ತದೆ. ಇಲ್ಲಿ "ಬರೀ ಕಥೆ ತಾನೇ" ಅನ್ನುವ ಮಾತು ನಡೆಯುವುದಿಲ್ಲ. ಅಲ್ಲಿ ಅಳುತ್ತಿರುವವರು ನಟರಲ್ಲ. 2021ರಲ್ಲಿ ಬಂದ ಕೊರಿಯಾದ 'ಸ್ಕ್ವಿಡ್ ಗೇಮ್' ಸರಣಿಯಲ್ಲಿ ಸಾಲದಲ್ಲಿ ಮುಳುಗಿದ 456 ಜನ ಹಣಕ್ಕಾಗಿ ಸಾವಿನ ಆಟ ಆಡುತ್ತಾರೆ. ಬಡವರ ಕಷ್ಟವನ್ನು ಶ್ರೀಮಂತರು ಮನರಂಜನೆ ಮಾಡಿಕೊಳ್ಳುವುದನ್ನು ಆ ಕಥೆ ಕಟುವಾಗಿ ಟೀಕಿಸುತ್ತದೆ. 2023ರಲ್ಲಿ ಅದೇ ಹೆಸರಿನಲ್ಲಿ, ಅದೇ 456ರ ಲೆಕ್ಕದಲ್ಲಿ, ನಿಜವಾದ ಸ್ಪರ್ಧಿಗಳ ರಿಯಾಲಿಟಿ ಶೋ ಬಂತು. ಬಹುಮಾನ 45.6 ಲಕ್ಷ ಡಾಲರ್. ಅಲ್ಲಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಹಣದ ಆಸೆಗೆ ಬಿದ್ದ ಮನುಷ್ಯರು ಸೋಲುವುದನ್ನು ನಾವು ಆರಾಮಾಗಿ ಕೂತು ನೋಡುತ್ತೇವೆ. ಮೊದಲ ಸರಣಿಯನ್ನು ಇಷ್ಟಪಟ್ಟು, ಎರಡನೆಯದನ್ನು ಬೇಡ ಅನ್ನುವುದರಲ್ಲಿ ಯಾವ ಗೊಂದಲವೂ ಇಲ್ಲ. ಎರಡೂ ಬೇರೆ ಬೇರೆ ವಿಷಯ.

ಮೂರನೆಯದು, ಕಥೆಯ ಪಾತ್ರಗಳು ತಪ್ಪು ಮಾಡುವುದು. ನಾಲ್ಕನೆಯದು, ಕಥೆಯೇ ತಪ್ಪಿನ ಪರ ನಿಲ್ಲುವುದು. ಈ ಎರಡನ್ನು ಜನ ಬಹಳ ಬೆರೆಸಿಬಿಡುತ್ತಾರೆ. ಮುಂದಿನ ಹೆಚ್ಚಿನ ಮಾತು ಇವುಗಳ ಬಗ್ಗೆಯೇ.

ಇನ್ನೊಂದೂ ಇದೆ. ಸರಣಿ ಚೆನ್ನಾಗಿದೆ, ಆದರೆ ಅದನ್ನು ಮಾಡಿದವರ ನಡತೆ ನಿಮಗೆ ಹಿಡಿಸುವುದಿಲ್ಲ. ಅದು ಹಣ ಯಾರಿಗೆ ಹೋಗುತ್ತದೆ ಅನ್ನುವ ಪ್ರಶ್ನೆ. ನೋಡುವ ರೀತಿ ಬದಲಿಸಿದರೆ ಅದು ಬಗೆಹರಿಯುವುದಿಲ್ಲ, ಬೇರೆಯಾಗಿಯೇ ಯೋಚಿಸಿ.

ಹಂತ 2: ಮೊದಲೇ ವಿಚಾರಿಸಿ

ಇದು ಐದು ನಿಮಿಷದ ಕೆಲಸ. ವಯಸ್ಸಿನ ರೇಟಿಂಗ್ ನೋಡಿ. ಆದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ. ಟಿವಿ-ಎಂಎ ಅನ್ನುವ ಅಮೆರಿಕದ ಗುರುತು ಇದ್ದರೆ 17 ವರ್ಷಕ್ಕಿಂತ ಚಿಕ್ಕವರಿಗೆ ಸರಿಹೋಗದಿರಬಹುದು ಅಂತ ಅರ್ಥ. ಕಾರಣ ಬೈಗುಳವೋ ಚಿತ್ರಹಿಂಸೆಯೋ ಅನ್ನುವುದು ಆ ಗುರುತೊಂದರಿಂದ ತಿಳಿಯುವುದಿಲ್ಲ. ಸಿನಿಮಾ, ಸರಣಿಗಳ ಮಾಹಿತಿ ಕೊಡುವ ಐಎಂಡಿಬಿ ಅನ್ನುವ ಜಾಲತಾಣದಲ್ಲಿ ಸರಣಿಗಳಿಗೆ 'ಪೇರೆಂಟ್ಸ್ ಗೈಡ್' ಅನ್ನುವ ಭಾಗವಿರುತ್ತದೆ. ಹೆಸರು ಹಾಗಿದ್ದರೂ ಮಕ್ಕಳಿಲ್ಲದವರಿಗೂ ಅದು ಉಪಯೋಗಕ್ಕೆ ಬರುತ್ತದೆ. ಲೈಂಗಿಕ ದೃಶ್ಯ, ಹಿಂಸೆ, ಬೈಗುಳ, ಕುಡಿತ ಮತ್ತು ಮಾದಕ ವಸ್ತು, ಹೆದರಿಸುವ ದೃಶ್ಯ ಅಂತ ವಿಂಗಡಿಸಿ, ಎಷ್ಟು ತೀವ್ರವಾಗಿದೆ ಅಂತ ನೋಡುಗರೇ ಬರೆದಿರುತ್ತಾರೆ. ಕಥೆಯ ಗುಟ್ಟು ಅಲ್ಲಿ ಬಯಲಾಗಬಹುದು, ಅಷ್ಟು ಎಚ್ಚರವಿರಲಿ.

ಹಂತ 3: ಸರಣಿ ತೋರಿಸುತ್ತಿದೆಯಾ, ಪರ ವಹಿಸುತ್ತಿದೆಯಾ?

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ವಿಷಯದ ಗಂಟು ಇಲ್ಲೇ ಇದೆ.

ಕೆಟ್ಟದ್ದನ್ನು ತೋರಿಸುವುದಕ್ಕೂ ಅದರ ಬೆನ್ನು ತಟ್ಟುವುದಕ್ಕೂ ಬಹಳ ದೂರ. ರನ್ನನ ದುರ್ಯೋಧನನಿಗಾಗಿ ಕನ್ನಡದ ಓದುಗರು ಸಾವಿರ ವರ್ಷದಿಂದ ಮರುಗುತ್ತಿದ್ದಾರೆ. ಹಾಗಂತ ದ್ರೌಪದಿಗೆ ಸಭೆಯಲ್ಲಿ ಆದದ್ದು ಸರಿ ಅಂತ ಯಾರೂ ಹೇಳುವುದಿಲ್ಲ. ಇಷ್ಟು ಕೆಲಸ ನಮ್ಮ ಮನಸ್ಸಿಗೆ ಬರುತ್ತದೆ.

ಬ್ರಿಟನ್ನಿನ ಚಿಂತಕ ಡೇವಿಡ್ ಹ್ಯೂಮ್ 1757ರಲ್ಲಿ ಒಂದು ಸೂಕ್ಷ್ಮವಾದ ಮಾತು ಬರೆದ. ಹಳೆಯ ಕಾವ್ಯದಲ್ಲಿ ಬರುವ ಹಳೆಯ ನಂಬಿಕೆ, ಉಡುಗೆ, ರೀತಿ ನೀತಿ ಇವೆಲ್ಲ ನಮಗೆ ವಿಚಿತ್ರ ಅನ್ನಿಸಿದರೂ ಒಪ್ಪಿಕೊಂಡು ಓದಬಹುದು. ಆದರೆ ದುಷ್ಟತನವನ್ನು ದುಷ್ಟತನ ಅಂತ ಗುರುತಿಸದೆಯೇ ಬರೆದರೆ ಅದು ಕೃತಿಗೇ ಅಂಟಿದ ದೋಷ, ಅಂಥ ಭಾವಕ್ಕೆ ನನ್ನ ಮನಸ್ಸು ಇಳಿಯುವುದೇ ಇಲ್ಲ ಅಂದ. ನಮ್ಮ ಅನುಭವವೂ ಹಾಗೇ ಅಲ್ವಾ? ಬೆಂಕಿ ಉಗುಳುವ ಡ್ರ್ಯಾಗನ್ ಇದೆ ಅಂದರೆ ತಕ್ಷಣ ನಂಬುತ್ತೇವೆ. ಈ ಊರಿನಲ್ಲಿ ಮಗುವನ್ನು ಹಿಂಸಿಸುವುದು ಒಳ್ಳೆಯ ಕೆಲಸ ಅಂದರೆ ಕಥೆಯಲ್ಲೂ ನಂಬುವುದಿಲ್ಲ. ಆ ತಡೆ ನಿಮ್ಮಲ್ಲಿ ಎದ್ದರೆ ಅದನ್ನು ಗಮನಿಸಿ. ಒಳ್ಳೆಯ ನೋಡುಗನ ಲಕ್ಷಣ ಅದು.

ಸರಣಿ ಎಲ್ಲಿ ನಿಂತಿದೆ ಅಂತ ತಿಳಿಯಲು ನಾನು ಗಮನಿಸುವುದು ಇವನ್ನು. ಏಟು ತಿಂದವರಿಗೆ ಕಥೆಯಲ್ಲಿ ಒಂದು ಹೆಸರು, ಮುಖ, ಮನೆ ಇದೆಯಾ? ಕೊಲೆಯಾದ ಮೇಲೆ ಕ್ಯಾಮೆರಾ ಯಾರ ಮುಖದ ಮೇಲೆ ನಿಲ್ಲುತ್ತದೆ, ಕೊಂದವನದೋ ಕಳೆದುಕೊಂಡವರದೋ? ಹಿನ್ನೆಲೆ ಸಂಗೀತ ಏನು ಅನುಭವಿಸು ಅಂತ ಒತ್ತಾಯ ಮಾಡುತ್ತಿದೆ? ಹೆಂಗಸಿಗೆ ಆದ ಅನ್ಯಾಯ ಅವಳ ಕಥೆಯಾಗಿದೆಯಾ, ಗಂಡಸಿನ ಸೇಡಿಗೆ ಬರೀ ಒಂದು ನೆಪವಾಗಿದೆಯಾ? ಹತ್ತನೇ ಕಂತಿನಲ್ಲಿ ಮೊದಲ ಕಂತಿನ ತಪ್ಪು ಯಾರಿಗಾದರೂ ನೆನಪಿದೆಯಾ? ಕೊನೆಯ ಪ್ರಶ್ನೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಕಥೆ ತನ್ನೊಳಗಿನ ಸಾವುಗಳನ್ನು ಮರೆತುಬಿಟ್ಟರೆ ನೋಡುಗನೂ ಮರೆಯುತ್ತಾನೆ.

ಕೊನೆಯಲ್ಲಿ ಶಿಕ್ಷೆಯಾಯಿತಾ ಅನ್ನುವುದು ಮಾತ್ರ ಒಳ್ಳೆಯ ಅಳತೆಗೋಲಲ್ಲ. ಅಮೆರಿಕದ ಸಿನಿಮಾಗಳಿಗೆ 1934ರಿಂದ ಬಿಗಿಯಾಗಿ ಜಾರಿಯಾದ 'ಹೇಸ್ ಕೋಡ್' ಅನ್ನುವ ನಿಯಮಾವಳಿ ಇತ್ತು. ನೋಡುಗರ ಸಹಾನುಭೂತಿ ಯಾವತ್ತೂ ಅಪರಾಧದ ಕಡೆ ವಾಲಬಾರದು ಅಂತ ಅದು ಹೇಳುತ್ತಿತ್ತು. 1968ರಲ್ಲಿ ಅದು ಹೋಗಿ ವಯಸ್ಸಿನ ರೇಟಿಂಗ್ ಬಂತು. ಇಡೀ ಕಥೆಯಲ್ಲಿ ಗ್ಯಾಂಗ್‌ಸ್ಟರ್‌ನ ಗತ್ತು ತೋರಿಸಿ, ಕೊನೆಯ ಐದು ನಿಮಿಷದಲ್ಲಿ ಅವನಿಗೆ ಗುಂಡು ಹೊಡೆಸಿದರೆ ನಿಯಮವೇನೋ ಪಾಲಿಸಿದಂತಾಗುತ್ತದೆ. ಮನಸ್ಸಿನಲ್ಲಿ ಉಳಿಯುವುದು ಮಾತ್ರ ಗತ್ತು. ತಪ್ಪಿತಸ್ಥ ತಪ್ಪಿಸಿಕೊಂಡು ಹೋದರೂ, ಅವನಿಂದ ಹಾಳಾದ ಬದುಕುಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಸರಣಿಯೇ ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಹಂತ 4: ನಿಮ್ಮನ್ನು ಒಲಿಸಿಕೊಳ್ಳುವ ಕೈಚಳಕ ತಿಳಿಯಿರಿ

ಸಿನಿಮಾ ಬಗ್ಗೆ ಬರೆಯುವ ಮರ್ರೆ ಸ್ಮಿತ್ 1995ರಲ್ಲಿ ಒಂದು ವ್ಯತ್ಯಾಸ ಹೇಳಿದರು. ಒಂದು ಪಾತ್ರದ ಜೊತೆ ಓಡಾಡಿ ಅದಕ್ಕೆ ಗೊತ್ತಿರುವುದನ್ನೆಲ್ಲ ನಾವೂ ತಿಳಿಯುವುದು ಒಂದು. ಆ ಪಾತ್ರವನ್ನು ಮೆಚ್ಚಿ ಅದರ ಕಡೆಗೆ ಸೇರಿಕೊಳ್ಳುವುದು ಇನ್ನೊಂದು. ಮೊದಲನೆಯದು ಸಾಕಷ್ಟು ಹೊತ್ತು ನಡೆದರೆ ಎರಡನೆಯದಕ್ಕೆ ಗೊತ್ತಾಗದೆಯೇ ಜಾರುವುದು ಸುಲಭ.

'ಬ್ರೇಕಿಂಗ್ ಬ್ಯಾಡ್' (2008–2013) ಇದಕ್ಕೆ ಸ್ಪಷ್ಟವಾದ ಉದಾಹರಣೆ. ಒಬ್ಬ ಕೆಮಿಸ್ಟ್ರಿ ಮೇಷ್ಟ್ರು. ಅವನಿಗೆ ಕ್ಯಾನ್ಸರ್. ಕುಟುಂಬಕ್ಕೆ ಹಣ ಬಿಟ್ಟುಹೋಗಬೇಕು ಅಂತ ಮೆತ್ ಅನ್ನುವ ಮಾದಕ ವಸ್ತು ತಯಾರಿಸಲು ಇಳಿಯುತ್ತಾನೆ. ಕಾಯಿಲೆ, ಕುಟುಂಬ, ಕೈಗೆ ಹತ್ತದ ಸಂಬಳ, ಇವೆಲ್ಲ ಮೊದಲೇ ನಮ್ಮ ಮನಸ್ಸು ಕರಗಿಸಿರುತ್ತವೆ. ಆಮೇಲೆ ಅವನ ಎದುರಿಗೆ ಅವನಿಗಿಂತ ಕ್ರೂರಿಗಳು ಬರುತ್ತಾರೆ. ಹೋಲಿಸಿದರೆ ಇವನೇ ವಾಸಿ ಅನ್ನಿಸುತ್ತದೆ. 'ಡೆಕ್ಸ್‌ಟರ್' ಸರಣಿಯ ನಾಯಕ ಕಾನೂನಿನ ಕೈಗೆ ಸಿಗದ ಕೊಲೆಗಾರರನ್ನು ಹುಡುಕಿ ಕೊಲ್ಲುತ್ತಾನೆ. ಅಲ್ಲೂ ಇದೇ ಉಪಾಯ. ಇದರ ಜೊತೆಗೆ ಕೆಲಸದಲ್ಲಿ ಜಾಣತನವೂ ಸೇರಿದರೆ ಮುಗಿಯಿತು. ತನ್ನ ಕೆಲಸ ಚೆನ್ನಾಗಿ ಬಲ್ಲವನನ್ನು ಮೆಚ್ಚದೆ ಇರುವುದು ನಮ್ಮಿಂದ ಆಗುವುದಿಲ್ಲ, ಆ ಕೆಲಸ ಏನೇ ಆಗಿರಲಿ.

ಇದರ ಇನ್ನೊಂದು ಮುಖ ನನ್ನನ್ನು ಬಹಳ ಕಾಡಿದೆ. ಮೇಷ್ಟ್ರ ಹೆಂಡತಿ ಸ್ಕೈಲರ್ ಪಾತ್ರ ಮಾಡಿದ ಆನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಒಂದು ಲೇಖನ ಬರೆದರು. ನೋಡುಗರು ಸ್ಕೈಲರ್ ಪಾತ್ರವನ್ನು ಎಷ್ಟು ದ್ವೇಷಿಸುತ್ತಿದ್ದರೆಂದರೆ ಆ ದ್ವೇಷ ಪಾತ್ರ ದಾಟಿ ತಮ್ಮ ಮೇಲೂ ಹರಿಯಿತು ಅಂತ ಹೇಳಿಕೊಂಡರು. ಆ ಹೆಂಡತಿ ಮಾಡಿದ ದೊಡ್ಡ ತಪ್ಪು ಏನು? ಗಂಡನ ದಂಧೆಗೆ ಅಡ್ಡ ಬಂದದ್ದು. ಕಥೆ ಅವನ ಕಣ್ಣಿನಿಂದ ಸಾಗುವುದರಿಂದ, ಅವನನ್ನು ತಡೆಯುವ ಮನುಷ್ಯ ಸರಿ ಇದ್ದರೂ ನೋಡುಗನಿಗೆ ಶತ್ರು. ಒಂದು ಸರಣಿ ನಿಮ್ಮ ನ್ಯಾಯಬುದ್ಧಿಯನ್ನು ಎಷ್ಟು ದೂರ ಎಳೆದಿದೆ ಅಂತ ಅಳೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ: ನಾಯಕನನ್ನು ತಡೆಯುವ ಒಳ್ಳೆಯ ಮನುಷ್ಯರನ್ನು ಕಂಡರೆ ನಿಮಗೆ ಸಿಟ್ಟು ಬರುತ್ತದಾ?

ಬಂದರೆ ಹೀಗೆ ಮಾಡಿ. ಕಂತು ಮುಗಿದ ಮೇಲೆ ಆ ಕಥೆಯನ್ನು ಬೇರೆ ಪಾತ್ರದ ಬಾಯಿಂದ ಎರಡು ಮೂರು ವಾಕ್ಯದಲ್ಲಿ ಹೇಳಿಕೊಳ್ಳಿ. "ನನ್ನ ಗಂಡ ವಾರಗಟ್ಟಲೆ ಸುಳ್ಳು ಹೇಳುತ್ತಿದ್ದಾನೆ. ಮನೆಗೆ ಎಲ್ಲಿಂದಲೋ ಹಣ ಬರುತ್ತಿದೆ. ಮಗುವಿಗೆ ಏನಾದರೂ ಆದೀತು ಅಂತ ನನಗೆ ನಿದ್ದೆ ಇಲ್ಲ." ಅಷ್ಟು ಸಾಕು. ಕಥೆ ತಟ್ಟನೆ ಇನ್ನೊಂದು ಬಣ್ಣಕ್ಕೆ ತಿರುಗುತ್ತದೆ. ಹೀಗೆ ಮಾಡಿದರೆ ಸರಣಿ ನೋಡುವ ಖುಷಿ ಹಾಳಾಗುವುದಿಲ್ಲ. ಬರೆದವರ ಜಾಣ್ಮೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಹಂತ 5: ಯಾವುದಕ್ಕೆ ನಕ್ಕೆ ಅಂತ ಕೇಳಿಕೊಳ್ಳಿ

1971ರಲ್ಲಿ ಅಮೆರಿಕದಲ್ಲಿ 'ಆಲ್ ಇನ್ ದ ಫ್ಯಾಮಿಲಿ' ಅನ್ನುವ ಹಾಸ್ಯ ಸರಣಿ ಶುರುವಾಯಿತು. ಅದರ ಮುಖ್ಯ ಪಾತ್ರ ಆರ್ಚಿ ಬಂಕರ್. ಕರಿಯರು, ಯಹೂದಿಗಳು, ಹೆಂಗಸರು, ಎಲ್ಲರ ಬಗ್ಗೆಯೂ ಬಾಯಿಗೆ ಬಂದದ್ದು ಹೇಳುವ ಮನುಷ್ಯ. ಅವನ ಸಣ್ಣತನವನ್ನು ನಗುವಿನಲ್ಲೇ ಬಯಲು ಮಾಡುವುದು ನಿರ್ಮಾಪಕ ನಾರ್ಮನ್ ಲಿಯರ್ ಉದ್ದೇಶ. ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಅನ್ನುವ ಮನಶ್ಶಾಸ್ತ್ರಜ್ಞರು ಇದರ ನೋಡುಗರನ್ನು ಅಧ್ಯಯನ ಮಾಡಿ 1974ರಲ್ಲಿ ಪ್ರಕಟಿಸಿದರು. ಪೂರ್ವಗ್ರಹ ಜಾಸ್ತಿ ಇದ್ದವರಿಗೆ ಆರ್ಚಿಯೇ ಮೆಚ್ಚುಗೆಯಾಗಿದ್ದ. ಅವನ ಮಾತಿನಲ್ಲೇ ಅರ್ಥವಿದೆ ಅಂತ ಅವರಿಗೆ ಕಂಡಿತ್ತು. ಸರಣಿ ಯಾರನ್ನು ಹಾಸ್ಯ ಮಾಡಿತ್ತೋ ಅವನನ್ನೇ ಅವರು ಹೀರೋ ಮಾಡಿಕೊಂಡಿದ್ದರು.

ಅಂದರೆ ಸರಣಿಯ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅರ್ಧ ಕೆಲಸ ನಮ್ಮದು. ಹಾಸ್ಯ ಸರಣಿ ನೋಡುವಾಗ ಈ ಎಚ್ಚರ ಇನ್ನೂ ಬೇಕು, ಯಾಕೆಂದರೆ ನಗು ಯೋಚನೆಗಿಂತ ಮೊದಲು ಬರುತ್ತದೆ. ಜೋರಾಗಿ ನಕ್ಕ ಜಾಗವನ್ನು ನೆನಪಿಟ್ಟುಕೊಳ್ಳಿ. ಆ ಮಾತು ಆಡಿದವನನ್ನು ನೋಡಿ ನಕ್ಕಿರಾ, ಅವನ ಜೊತೆ ಸೇರಿ ನಕ್ಕಿರಾ? ಆ ಮಾತಿಗೆ ಗುರಿಯಾದ ಗೆಳೆಯನೊಬ್ಬ ಪಕ್ಕದಲ್ಲಿ ಕೂತಿದ್ದರೆ ಅಷ್ಟೇ ಜೋರಾಗಿ ನಗುತ್ತಿದ್ದಿರಾ?

ಹಂತ 6: ನಡುವೆ ಜಾಗ ಬಿಡಿ

ಮೇಲಿನ ಎಲ್ಲ ಪ್ರಶ್ನೆಗಳಿಗೂ ಸಮಯ ಬೇಕು. ಒಂದು ಕಂತು ಮುಗಿದು ಕೆಲವೇ ಸೆಕೆಂಡಿನಲ್ಲಿ ಮುಂದಿನದು ತಾನಾಗಿಯೇ ಶುರುವಾದರೆ ಆ ಸಮಯ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಸಣ್ಣ ಕೆಲಸ, ಆದರೆ ಈ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂದರೆ ಇದನ್ನೇ ಪಾಲಿಸಿ ಅನ್ನುತ್ತೇನೆ. ಭಾರವಾದ ಸರಣಿಗೆ ದಿನಕ್ಕೊಂದು ಕಂತು ಸಾಕು.

ಎಷ್ಟು ನೋಡುತ್ತೇವೆ ಅನ್ನುವುದೂ ಮುಖ್ಯ. ಟಿವಿ ಜಾಸ್ತಿ ನೋಡುವವರಿಗೆ ಜಗತ್ತು ಇರುವುದಕ್ಕಿಂತ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ ಅಂತ ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ ವರ್ಷಗಟ್ಟಲೆ ವಾದಿಸಿದರು. ಆ ಪರಿಣಾಮ ಎಷ್ಟು ದೊಡ್ಡದು ಅನ್ನುವುದರ ಬಗ್ಗೆ ಸಂಶೋಧಕರಲ್ಲಿ ಇನ್ನೂ ಜಗಳವಿದೆ. ನಿಮ್ಮ ಮಟ್ಟಿಗೆ ನೀವೇ ನೋಡಿಕೊಳ್ಳಬಹುದು. ಒಂದು ಸರಣಿ ಶುರು ಮಾಡಿದ ಮೇಲೆ ಜನರ ಮೇಲಿನ ನಂಬಿಕೆ ಕಡಿಮೆಯಾಗಿದೆಯಾ? ಮನೆಯವರ ಜೊತೆ ಮಾತು ಒರಟಾಗಿದೆಯಾ?

ಸಾಧ್ಯವಾದರೆ ನಿಮ್ಮ ನಂಬಿಕೆ ಇಲ್ಲದವರ ಜೊತೆ ಕೂತು ನೋಡಿ. ನಿಮಗೆ ತಟ್ಟಿದ್ದು ಅವರಿಗೆ ಯಾಕೆ ತಟ್ಟಲಿಲ್ಲ ಅಂತ ಕೇಳಿ. ಗೆಲ್ಲುವ ವಾದಕ್ಕಲ್ಲ, ತಿಳಿಯುವುದಕ್ಕೆ.

ಹಂತ 7: ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ತೀರ್ಮಾನಿಸಿ

ಗೆರೆಯನ್ನು ಸರಣಿ ಶುರು ಮಾಡುವ ಮೊದಲೇ ಎಳೆಯಿರಿ. ಕಥೆಯ ಬಿಸಿಯಲ್ಲಿ ಎಳೆದ ಗೆರೆ ದಿನಕ್ಕೊಂದು ಕಡೆ ಇರುತ್ತದೆ. "ಮಕ್ಕಳ ಮೇಲಿನ ಹಿಂಸೆಯನ್ನು ಬಿಡಿಸಿ ತೋರಿಸಿದರೆ ಬಿಡುತ್ತೇನೆ" ಅನ್ನುವಷ್ಟು ಸ್ಪಷ್ಟವಾಗಿರಲಿ. ಒಂದೆರಡು ದೃಶ್ಯಗಳಷ್ಟೇ ತೊಂದರೆ ಅಂದರೆ ಹತ್ತು ಸೆಕೆಂಡು ಮುಂದೆ ಹಾರಿಸುವ ಗುಂಡಿ ಇದ್ದೇ ಇದೆ. ಅದನ್ನು ಒತ್ತಿದರೆ ನೀವು ಹೇಡಿಗಳಾಗುವುದಿಲ್ಲ.

ಕುಡಿತವನ್ನೋ ಜೂಜನ್ನೋ ಕಷ್ಟಪಟ್ಟು ಬಿಟ್ಟವರು ಅದನ್ನೇ ಸೊಗಸಾಗಿ ತೋರಿಸುವ ಸರಣಿಯಿಂದ ದೂರ ಇರುವುದೇ ಒಳ್ಳೆಯದು. ಸ್ವಂತ ಬದುಕಿನಲ್ಲಿ ದೌರ್ಜನ್ಯ ಅನುಭವಿಸಿದವರಿಗೂ ಇದೇ ಮಾತು. ಅವರು ಯಾರಿಗೂ ಕಾರಣ ಕೊಡಬೇಕಾಗಿಲ್ಲ.

ನಿಜ ಬದುಕಿನ ಮಾತುಕತೆಯಲ್ಲಿ ಪಾತ್ರದ ತಪ್ಪನ್ನು ಸಮರ್ಥಿಸಲು ಶುರು ಮಾಡಿದ್ದೀರಾ? ಹಿಂಸೆಯ ದೃಶ್ಯ ಬಂದರೆ ಮೊದಲಿನಂತೆ ಏನೂ ಅನ್ನಿಸುತ್ತಿಲ್ಲವಾ? ಖುಷಿ ಹೋಗಿ ಬರೀ ಅಭ್ಯಾಸ ಉಳಿದಿದೆಯಾ? ಆಗ ನಿಲ್ಲಿಸಿ. ಮೂರು ಸೀಸನ್ ನೋಡಿಯಾಗಿದೆ, ಈಗ ಬಿಟ್ಟರೆ ಅದೆಲ್ಲ ದಂಡ ಅಂತ ಅನ್ನಿಸುತ್ತದೆ. ಆ ಗಂಟೆಗಳು ಹೇಗೂ ವಾಪಸ್ ಬರುವುದಿಲ್ಲ. ನಾಲ್ಕನೇ ಸೀಸನ್ನಿನ ಗಂಟೆಗಳಾದರೂ ನಿಮ್ಮ ಕೈಯಲ್ಲಿವೆ.

ಹಂತ 8: ಜೊತೆಯವರ ಜೊತೆ ಹೇಗೆ?

ಎಲ್ಲರೂ ನೋಡುತ್ತಿರುವ ಸರಣಿಯನ್ನು ನೀವು ನೋಡುತ್ತಿಲ್ಲ ಅಂದರೆ ಗೆಳೆಯರು ಕೇಳಿಯೇ ಕೇಳುತ್ತಾರೆ. ಆಗ ಉಪದೇಶ ಬೇಡ, ನಾಚಿಕೆಯೂ ಬೇಡ.

"ಏನೋ, ಇನ್ನೂ ನೋಡಿಲ್ವಾ ಅದನ್ನ?"

"ಇಲ್ಲ ಕಣೋ, ಅದರಲ್ಲಿ ಹಿಂಸೆ ಜಾಸ್ತಿ. ನನಗೆ ಆಗಲ್ಲ. ನೀನು ಕಥೆ ಹೇಳು, ಕೇಳ್ತೀನಿ."

ಇಷ್ಟರಲ್ಲಿ ನಿಮ್ಮ ನಿಲುವೂ ಉಳಿಯಿತು, ಗೆಳೆತನವೂ ಉಳಿಯಿತು. ನೀವು ನೋಡುವುದನ್ನು ಬೇರೆಯವರು ಬೇಡ ಅಂದಾಗಲೂ ಅಷ್ಟೇ ಗೌರವ ಕೊಡಿ. "ಒಂದು ಕಂತು ನೋಡು, ಏನೂ ಆಗಲ್ಲ" ಅಂತ ಒತ್ತಾಯ ಮಾಡಬೇಡಿ. ಮಕ್ಕಳು ಓಡಾಡುವ ಕೋಣೆಯಲ್ಲಿ ಇಂಥ ಸರಣಿ ಹಾಕಬೇಡಿ. ಇಷ್ಟೆಲ್ಲ ಪ್ರಶ್ನೆ ಕೇಳಿಕೊಂಡು ನೋಡುವ ಶಕ್ತಿ ಚಿಕ್ಕ ಮಕ್ಕಳಿಗೆ ಇನ್ನೂ ಬಂದಿರುವುದಿಲ್ಲ. ನಿಮ್ಮ ಪ್ರೊಫೈಲ್‌ಗೆ ಪಿನ್ ಹಾಕಿ, ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿಕೊಡಿ.

ಹಂತ 9: ಮುಗಿದ ಮೇಲೆ

ಒಂದು ಕೊಲೆಗಾರನ ಸರಣಿ ನೋಡಿ ಮುಗಿಸಿದರೆ ಸಾಕು, ಆಪ್ ಅಂಥವೇ ಇನ್ನಷ್ಟನ್ನು ತಂದು ಮುಂದಿಡುತ್ತದೆ. ಒಂದನ್ನು ಯೋಚಿಸಿ ಆರಿಸಿದವರು ನೀವು. ಉಳಿದವನ್ನು ಆರಿಸುತ್ತಿರುವುದು ಅದು. ನೆಟ್‌ಫ್ಲಿಕ್ಸ್‌ನಲ್ಲಿ ಅಕೌಂಟ್ ಒಳಗೆ ಹೋಗಿ, ನೋಡಿದ್ದರ ಪಟ್ಟಿಯಿಂದ ಆ ಸರಣಿಯನ್ನು ಮರೆಮಾಡಬಹುದು. ಆಗ ಅದರ ಆಧಾರದ ಮೇಲೆ ಸಲಹೆ ಬರುವುದು ನಿಲ್ಲುತ್ತದೆ. ಮುಂದಿನ ಸರಣಿಯನ್ನು ಹೆಸರು ಹಾಕಿ ನೀವೇ ಹುಡುಕಿ. ಮೊದಲ ಹಂತದ ಹಾಳೆ ಇನ್ನೂ ಇದ್ದರೆ ಅದರಲ್ಲಿ ಬರೆದದ್ದನ್ನು ಇನ್ನೊಮ್ಮೆ ಓದಿ. ಈಗಲೂ ಅದೇ ಅನ್ನಿಸಿಕೆಯಾ, ಬದಲಾಗಿದೆಯಾ ಅಂತ ಕೆಳಗೆ ಬರೆದಿಡಿ. ಎರಡನೇ ಸೀಸನ್ ಬಂದಾಗ ನೋಡಬೇಕಾ ಬೇಡವಾ ಅಂತ ತೀರ್ಮಾನಿಸಲು ಟ್ರೈಲರ್‌ಗಿಂತ ಅದೇ ಉಪಯೋಗಕ್ಕೆ ಬರುತ್ತದೆ.